ರೂಪಕುಂಡಕ್ಕೆ ಹೋದವರು

ಹಿಮಾಲಯದ ಸರೋವರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಾನಸ ಸರೋವರ. ಹಂಸಗಳು, ತಾವರೆಗಳು, ಸ್ಫಟಿಕದಂತಹ ನೀರು, ಇವನ್ನೆಲ್ಲ ನಮ್ಮ ಕವಿಗಳು ಕಾಣದೆಯೇ ಕಂಡವರಂತೆ ವರ್ಣಿಸಿದ್ದಾರೆ. ನಾನು ಇಂದು ಹೇಳಹೊರಟಿರುವ ಸರೋವರದಲ್ಲಿ ಹಂಸಗಳಿಲ್ಲ, ತಾವರೆಗಳಿಲ್ಲ. ಸರೋವರವೆಂದು ಕರೆಯಲೂ ಸಂಕೋಚವಾಗುವಷ್ಟು ಅದು ಚಿಕ್ಕದು. ಅಡ್ಡಳತೆ ಸುಮಾರು 40 ಮೀಟರು, ಆಳ ಎರಡು ಮೂರು ಮೀಟರು, ನಮ್ಮ ಕಡೆಯ ಒಂದು ಊರ ಕಟ್ಟೆಯಷ್ಟು. ಆದರೆ ಅದು ಇರುವುದು ಸಮುದ್ರಮಟ್ಟದಿಂದ 5,029 ಮೀಟರ್ ಎತ್ತರದಲ್ಲಿ, ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ತ್ರಿಶೂಲ ಪರ್ವತದ ಮಡಿಲಲ್ಲಿ. ವರ್ಷದ ಬಹುಕಾಲ ಅದು ಹೆಪ್ಪುಗಟ್ಟಿರುತ್ತದೆ. ಹಿಮ ಕರಗುವ ಕೆಲವೇ ವಾರಗಳಲ್ಲಿ ಅದರ ದಡದ ಮೇಲೂ ನೀರಿನ ತಳದಲ್ಲೂ ಮನುಷ್ಯರ ಎಲುಬುಗಳು ಕಾಣಿಸಿಕೊಳ್ಳುತ್ತವೆ. ಒಬ್ಬಿಬ್ಬರದಲ್ಲ, ನೂರಾರು ಜನರದು. ಆ ಸರೋವರದ ಹೆಸರು ರೂಪಕುಂಡ.

ಹೆಸರಿಗೆ ಒಂದು ಕಥೆಯಿದೆ. ಕೈಲಾಸದ ದಾರಿಯಲ್ಲಿ ಪಾರ್ವತಿಗೆ ಬಾಯಾರಿಕೆಯಾಯಿತಂತೆ. ಶಿವನು ತ್ರಿಶೂಲದಿಂದ ನೆಲವನ್ನು ಇರಿದಾಗ ನೀರು ಚಿಮ್ಮಿತು. ಕುಡಿಯಲು ಬಾಗಿದ ದೇವಿ ಅದರಲ್ಲಿ ತನ್ನ ರೂಪವನ್ನು ಕಂಡಳು. ಅಂದಿನಿಂದ ಅದು ರೂಪಕುಂಡವಾಯಿತು. ಗಢವಾಲದ ಜನರಿಗೆ ಈ ಪಾರ್ವತಿ ನಂದಾದೇವಿ, ತಮ್ಮ ಮನೆಯ ಮಗಳು. ಹನ್ನೆರಡು ವರ್ಷಗಳಿಗೊಮ್ಮೆ ಅವಳನ್ನು ಗಂಡನ ಮನೆಗೆ ಕಳುಹಿಸಿಕೊಡುವ ಯಾತ್ರೆಯೇ ನಂದಾದೇವಿ ರಾಜಜಾತ. ನೌಟಿ ಎಂಬ ಹಳ್ಳಿಯಿಂದ ಹೊರಟು, ವಾಣ್ ಗ್ರಾಮವನ್ನು ದಾಟಿ, ರೂಪಕುಂಡದ ಪಕ್ಕದಲ್ಲಿ ಏರಿ, ಹೋಮಕುಂಡದವರೆಗೆ ಈ ಯಾತ್ರೆ ಸಾಗುತ್ತದೆ. ಹನ್ನೆರಡು ವರ್ಷಗಳ ಲೆಕ್ಕ ಯಾವಾಗಲೂ ಸರಿಯಾಗಿ ನಡೆದಿಲ್ಲ. ಈಚಿನ ಯಾತ್ರೆಗಳು ನಡೆದದ್ದು 1968, 1987, 2000 ಮತ್ತು 2014ರಲ್ಲಿ. ಮುಂದೆ ನಡೆಯುವುದು ನಾಲ್ಕು ಕೊಂಬಿನ ಒಂದು ಟಗರು. ದೇವಿಗೆ ಅರ್ಪಿಸಿದ ಉಡುಗೊರೆಗಳನ್ನು ಅದರ ಬೆನ್ನಿಗೆ ಕಟ್ಟಿ, ಹೋಮಕುಂಡದಲ್ಲಿ ಅದೊಂದನ್ನೇ ಪರ್ವತಗಳ ಕಡೆಗೆ ಬಿಟ್ಟು ಜನ ಹಿಂತಿರುಗುತ್ತಾರೆ. ಹಳ್ಳಿಗಳಲ್ಲಿ ಹೆಂಗಸರು ನಿಜವಾಗಿಯೂ ಕಣ್ಣೀರಿಟ್ಟು ದೇವಿಯನ್ನು ಬೀಳ್ಕೊಡುತ್ತಾರೆ. ಮಗಳನ್ನು ಕಳುಹಿಸಿಕೊಟ್ಟ ಮನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾನು ಅಲ್ಲಿಗೆ ಹೋದದ್ದು ಯಾತ್ರಿಕನಾಗಿ ಅಲ್ಲ. 1998ರ ಸೆಪ್ಟೆಂಬರಿನಲ್ಲಿ, ಬೆಟ್ಟ ಹತ್ತುವ ಹವ್ಯಾಸದ ಆರು ಮಂದಿ ಗೆಳೆಯರೊಡನೆ, ಎಲುಬುಗಳ ಕುತೂಹಲದಿಂದ ಹೋದವನು. ವಾಣ್ ಗ್ರಾಮದಲ್ಲಿ ಲಾಟು ದೇವತೆಯ ಗುಡಿಯಿದೆ. ಅದರ ಪೂಜಾರಿ ಕಣ್ಣಿಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡು ಒಳಹೋಗುತ್ತಾನೆ; ಒಳಗೆ ಇರುವುದನ್ನು ನೋಡಬಾರದೆಂಬುದು ಅಲ್ಲಿಯ ನಿಯಮ. ನೋಡುವುದಕ್ಕೆಂದೇ ಹೊರಟಿದ್ದ ನಮಗೆ ಅದು ಆಗ ಒಂದು ವಿಚಿತ್ರ ಪದ್ಧತಿಯಾಗಿ ಮಾತ್ರ ಕಂಡಿತು.

ವಾಣ್ ಬಿಟ್ಟ ಮೇಲೆ ಓಕ್ ಮತ್ತು ಬುರಾಂಸ್ ಮರಗಳ ಕಾಡು. ಕಾಡು ಮುಗಿದೊಡನೆ ಬೇದ್ನಿ ಬುಗ್ಯಾಲ್. ಬುಗ್ಯಾಲ್ ಎಂದರೆ ಮರಗಳ ಗಡಿಯ ಮೇಲಿನ ಹುಲ್ಲುಗಾವಲು. ಕಣ್ಣು ಹಾಯುವವರೆಗೂ ಹಸುರು, ಅದರಾಚೆ ತ್ರಿಶೂಲ, ನಂದಾಘುಂಟಿ ಶಿಖರಗಳು. ಅಲ್ಲಿಂದ ಮುಂದಿನ ತಂಗುದಾಣದ ಹೆಸರು ಪಾತರ್ ನಚೌನಿ, ಎಂದರೆ ನರ್ತಕಿಯರು ಕುಣಿದ ಜಾಗ. ಅದನ್ನು ದಾಟಿ, ಕಡಿದಾದ ಏರನ್ನೇರಿದರೆ ಕೈಲು ವಿನಾಯಕ. ಕಪ್ಪು ಕಲ್ಲಿನ ಗಣಪತಿ. ಅವನನ್ನು ದಾಟಿದ ಮೇಲೆ ಹುಲ್ಲು ಕೂಡ ಇಲ್ಲ. ಕಲ್ಲಿನ ಸಂದುಗಳಲ್ಲಿ ಅಲ್ಲೊಂದು ಇಲ್ಲೊಂದು ಬ್ರಹ್ಮಕಮಲ.

ಬಗುವಾಬಾಸಾ ಎಂಬಲ್ಲಿ ಗುಡಾರ ಹಾಕಿದ ಮಧ್ಯಾಹ್ನ ಆಲಿಕಲ್ಲು ಬಿದ್ದಿತು. ಒಳ್ಳೆಯ ಬಿಸಿಲಿತ್ತು, ಕಾಲು ಗಂಟೆಯಲ್ಲಿ ಮೋಡ ಕವಿಯಿತು. ಬಿದ್ದ ಕಲ್ಲುಗಳು ನೆಲ್ಲಿಕಾಯಿಗಿಂತ ದೊಡ್ಡವಲ್ಲ. ಆದರೂ ಗುಡಾರದ ಹೊರಗಿದ್ದ ಗೆಳೆಯನೊಬ್ಬ ಎರಡು ಕೈಗಳಿಂದ ತಲೆ ಮುಚ್ಚಿಕೊಂಡು ಓಡಿಬರುವಷ್ಟರಲ್ಲಿ ಅವನ ಬೆರಳುಗಳು ಊದಿಕೊಂಡಿದ್ದವು. ಅವನಿಗೆ ಓಡಿಬರಲು ಗುಡಾರವಿತ್ತು. ಇಲ್ಲದಿದ್ದರೆ ಆ ಇಳಿಜಾರಿನಲ್ಲಿ ಒಂದು ಮರವಿಲ್ಲ, ಗುಹೆಯಿಲ್ಲ, ಚಾಚಿದ ಬಂಡೆಯೂ ಇಲ್ಲ. ಇದನ್ನು ನೀವು ನೆನಪಿನಲ್ಲಿಡಬೇಕು.

ಮರುದಿನ ನಸುಕಿನಲ್ಲಿ ಹೊರಟು ರೂಪಕುಂಡವನ್ನು ಮುಟ್ಟಿದೆವು. ಆ ಎತ್ತರದಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಅರ್ಧ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಬಟ್ಟಲಿನಂತಹ ತಗ್ಗಿನಲ್ಲಿ ಹಸುರುಮಿಶ್ರಿತ ನೀಲಿ ನೀರು, ಮೂರು ಕಡೆಗೆ ಸಡಿಲ ಕಲ್ಲಿನ ಇಳಿಜಾರು. ದಡದಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ನಮಗಿಂತ ಮೊದಲು ಬಂದವರು ತಲೆಬುರುಡೆಗಳನ್ನೂ ಉದ್ದನೆಯ ಎಲುಬುಗಳನ್ನೂ ಜೋಡಿಸಿಟ್ಟಿದ್ದರು. ನಾವೂ ಸುತ್ತ ಬಿದ್ದಿದ್ದ ಕೆಲವನ್ನು ತಂದು ಅದಕ್ಕೆ ಸೇರಿಸಿ ಚಿತ್ರ ತೆಗೆದುಕೊಂಡೆವು. ನಾನು ನೀರಿನಂಚಿನಿಂದ ಮುಂಗೈಯ ಒಂದು ಎಲುಬನ್ನು ಎತ್ತಿಕೊಂಡೆ. ನೋಡಿ ಮುಗಿದ ಮೇಲೆ ಬಂಡೆಯ ಮೇಲೆ ಇಟ್ಟೆ. ತೆಗೆದುಕೊಂಡು ಬರಲಿಲ್ಲವಲ್ಲ ಎಂಬ ಸಮಾಧಾನವೂ ನನಗಿತ್ತು.

ಈ ಎಲುಬುಗಳು ಹೊರಜಗತ್ತಿಗೆ ತಿಳಿದದ್ದು 1942ರಲ್ಲಿ. ಅರಣ್ಯಾಧಿಕಾರಿ ಹರಿಕೃಷ್ಣ ಮಧ್ವಾಲ್ ಅವರು ಅವನ್ನು ಕಂಡು ಮೇಲಿನವರಿಗೆ ತಿಳಿಸಿದರು. ಯುದ್ಧಕಾಲವಾದ್ದರಿಂದ, ಇವರು ಹಿಮಾಲಯ ದಾಟಲು ಬಂದು ಸತ್ತ ಜಪಾನಿ ಸೈನಿಕರಿರಬಹುದೇ ಎಂದು ಆಳುವವರು ಅಂಜಿದರಂತೆ. ಎಲುಬುಗಳು ಅಷ್ಟು ಹೊಸವಲ್ಲವೆಂದು ಬೇಗನೆ ಗೊತ್ತಾಯಿತು. 1950ರ ದಶಕದಲ್ಲಿ ಲಖನೌ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರ್ ಮತ್ತು ಕೈಲಾಸ ಮಾನಸ ಸರೋವರಗಳನ್ನು ಅರಿತಿದ್ದ ಸ್ವಾಮಿ ಪ್ರಣವಾನಂದರು ಅಲ್ಲಿಗೆ ಹೋಗಿ ಪರಿಶೀಲಿಸಿದರು. ಊಹೆಗಳಿಗೆ ಕೊರತೆಯಿರಲಿಲ್ಲ. 1841ರಲ್ಲಿ ಟಿಬೆಟ್ಟಿನಲ್ಲಿ ಮಡಿದ ಡೋಗ್ರಾ ಸೇನಾನಿ ಜೋರಾವರ್ ಸಿಂಗನ ಸೈನಿಕರು ದಾರಿ ತಪ್ಪಿ ಸತ್ತರೆಂದು ಕೆಲವರು, ಮಹಮ್ಮದ್ ಬಿನ್ ತುಘಲಕನ ಸೋತ ಸೈನ್ಯವೆಂದು ಕೆಲವರು, ಸಾಂಕ್ರಾಮಿಕ ರೋಗವೆಂದು ಕೆಲವರು ವಾದಿಸಿದರು. ಆದರೆ ಎಲುಬುಗಳಲ್ಲಿ ಹೆಂಗಸರವೂ ಇದ್ದವು. ಸೈನ್ಯದ ವಾದ ಅಲ್ಲಿಗೆ ಬಿದ್ದುಹೋಯಿತು.

ವಿದ್ವಾಂಸರು ಹೀಗೆ ವಾದಿಸುತ್ತಿದ್ದಾಗ ಆ ಕಣಿವೆಯ ಹಳ್ಳಿಗರು ತಮಗೆ ಗೊತ್ತಿದ್ದುದನ್ನು ಹಾಡುತ್ತಲೇ ಇದ್ದರು. ಕನೌಜಿನ ಅರಸ ಜಸಧವಳ, ಬಸುರಿ ರಾಣಿಯನ್ನೂ ಪರಿವಾರವನ್ನೂ ನರ್ತಕಿಯರನ್ನೂ ಕರೆದುಕೊಂಡು ನಂದಾದೇವಿಯ ಯಾತ್ರೆಗೆ ಬಂದ. ದೇವಿಯ ನೆಲದಲ್ಲಿ ಅವನು ಕುಣಿಸಿದ ನರ್ತಕಿಯರು ಪಾತರ್ ನಚೌನಿಯಲ್ಲಿ ಕಲ್ಲಾದರು. ರಾಣಿ ದಾರಿಯಲ್ಲಿಯೇ ಹೆತ್ತಳು. ಮುನಿದ ದೇವಿ ಕಬ್ಬಿಣದಷ್ಟು ಗಟ್ಟಿಯಾದ ಆಲಿಕಲ್ಲುಗಳನ್ನು ಸುರಿಸಿದಳು, ಎಲ್ಲರೂ ಸತ್ತರು.

2004ರಲ್ಲಿ ವಿಜ್ಞಾನಿಗಳ ತಂಡವೊಂದು ಮತ್ತೆ ಹೋಯಿತು. ಚರ್ಮದ ಪಾದರಕ್ಷೆ, ಉಂಗುರ, ಬಿದಿರಿನ ಕೋಲು, ಕೂದಲು ಸಮೇತವಾದ ಅವಶೇಷಗಳು ದೊರೆತವು. ಇಂಗಾಲದ ಕಾಲಗಣನೆ ಕ್ರಿ.ಶ. 850ರ ಆಸುಪಾಸನ್ನು ತೋರಿಸಿತು. ಕೆಲವು ತಲೆಬುರುಡೆಗಳ ಮೇಲೆ ದುಂಡಗಿನ ಏಟಿನ ಗುರುತುಗಳಿದ್ದವು. ಆಯುಧದ ಗಾಯಗಳಲ್ಲ, ಮೇಲಿನಿಂದ ಬಿದ್ದ ಗುಂಡಾದ ವಸ್ತುವಿನ ಏಟು. ಕ್ರಿಕೆಟ್ ಚೆಂಡಿನಷ್ಟು ದೊಡ್ಡ ಆಲಿಕಲ್ಲುಗಳಿಂದ ಆದದ್ದೆಂದು ಆ ತಂಡ ತೀರ್ಮಾನಿಸಿತು. ಹಳ್ಳಿಗರ ಹಾಡನ್ನೇ ವಿಜ್ಞಾನ ಒಪ್ಪಿತೆಂದು ಪತ್ರಿಕೆಗಳು ಬರೆದವು. ಗೆಳೆಯನ ಊದಿದ ಬೆರಳುಗಳನ್ನು ಕಂಡಿದ್ದ ನನಗೂ ಅದರಲ್ಲಿ ಸಂದೇಹ ಉಳಿಯಲಿಲ್ಲ.

850 ಎಂದರೆ ನಮ್ಮ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ. ಅವನ ತಂದೆ ಮೂರನೆಯ ಗೋವಿಂದನ ಕುದುರೆಗಳು ಹಿಮಾಲಯದ ಝರಿಗಳ ನೀರನ್ನು ಕುಡಿದವೆಂದು ಸಂಜಾನ್ ತಾಮ್ರಶಾಸನ ಕೊಂಡಾಡುತ್ತದೆ. ರಾಷ್ಟ್ರಕೂಟ, ಪ್ರತೀಹಾರ, ಪಾಲರು ಹೋರಾಡುತ್ತಿದ್ದುದು ಹಾಡಿನಲ್ಲಿ ಬರುವ ಆ ಕನೌಜಿಗಾಗಿಯೇ. ಆದರೂ ಶಾಸನಗಳಿಂದ ತಿಳಿದುಬಂದ ಕನೌಜಿನ ಅರಸರಲ್ಲಿ ಜಸಧವಳನೆಂಬವನಿಲ್ಲ. ಗೋವಿಂದನ ಕುದುರೆಗಳು ಕುಡಿದ ನೀರಿಗೆ ತಾಮ್ರಶಾಸನವುಂಟು. ರೂಪಕುಂಡದಲ್ಲಿ ಸತ್ತ ನೂರಾರು ಮಂದಿಗೆ ಒಂದು ಹಾಡು ಮಾತ್ರ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2019ರ ಆಗಸ್ಟಿನಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. 38 ಮಂದಿಯ ಡಿಎನ್‌ಎ ಪರೀಕ್ಷಿಸಿದಾಗ 23 ಮಂದಿ ಮಾತ್ರ ನಮ್ಮ ಉಪಖಂಡದವರೆಂದು ತಿಳಿಯಿತು. ಅವರೂ ಒಂದೇ ಕುಲದವರಲ್ಲ, ಬೇರೆ ಬೇರೆ ಜನಸಮುದಾಯಗಳಿಂದ ಬಂದವರು. ಸತ್ತದ್ದೂ ಒಂದೇ ದಿನದಲ್ಲಲ್ಲ. ಏಳರಿಂದ ಹತ್ತನೆಯ ಶತಮಾನದ ನಡುವೆ, ಒಂದಕ್ಕಿಂತ ಹೆಚ್ಚು ಸಲ. ಉಳಿದವರಲ್ಲಿ 14 ಮಂದಿ ಪೂರ್ವ ಮೆಡಿಟರೇನಿಯನ್ ಮೂಲದವರು, ಇಂದಿನ ಗ್ರೀಸ್ ಮತ್ತು ಕ್ರೀಟ್ ದ್ವೀಪದ ಜನರಿಗೆ ಹತ್ತಿರದವರು. ಒಬ್ಬ ಆಗ್ನೇಯ ಏಷ್ಯದ ಮೂಲದವನು. ಈ 15 ಮಂದಿ ಸತ್ತದ್ದು ಕ್ರಿ.ಶ. 1800ರ ಸುಮಾರಿಗೆ. ಪರೀಕ್ಷಿಸಿದ ಯಾರಿಬ್ಬರ ನಡುವೆಯೂ ಹತ್ತಿರದ ರಕ್ತಸಂಬಂಧ ಕಾಣಲಿಲ್ಲ. ಅರಸನ ಕಥೆಯೂ ಆಲಿಕಲ್ಲಿನ ಕಥೆಯೂ ಇವರೆಲ್ಲರನ್ನು ಒಟ್ಟಿಗೆ ಒಳಗೊಳ್ಳಲಾರವು. ಸಾವಿರ ವರ್ಷಗಳ ಅಂತರದಲ್ಲಿ ಸತ್ತವರು ಒಂದೇ ಗುಂಡಿಯಲ್ಲಿ ಬೆರೆತುಹೋಗಿದ್ದರು. ಹಾಡು ಸುಳ್ಳೆಂದು ಇದರಿಂದ ಆಗುವುದಿಲ್ಲ. ಆ ದಾರಿಯ ಯಾತ್ರೆಯನ್ನೂ ಆಲಿಕಲ್ಲನ್ನೂ ಅದು ನೆನಪಿಟ್ಟುಕೊಂಡಿದೆ. ಆದರೆ ಹಲವು ಸಾವುಗಳನ್ನು ಒಂದು ಸಾವಾಗಿ ಹಾಡಿದೆ. ಜನರ ನೆನಪು ಕೆಲಸ ಮಾಡುವುದೇ ಹಾಗೆ.

ಆ ಅಧ್ಯಯನದ ವರದಿಯಲ್ಲಿದ್ದ ಒಂದು ಮಾತು ನನ್ನನ್ನು ಚುಚ್ಚಿತು. ಈ ಎಲುಬುಗಳು ಬಿದ್ದ ಜಾಗದಲ್ಲಿ ಉಳಿದಿಲ್ಲ. ಕಲ್ಲು ಜಾರಿ ಕೆಲವು ಚದುರಿದರೆ, ಅಲ್ಲಿಗೆ ಹೋದವರು ಉಳಿದವನ್ನು ಕದಲಿಸಿದ್ದಾರೆ, ಬಳಿಯಲ್ಲಿದ್ದ ವಸ್ತುಗಳನ್ನು ಹೊತ್ತೊಯ್ದಿದ್ದಾರೆ. ಆದ್ದರಿಂದ ಯಾರ ಪಕ್ಕದಲ್ಲಿ ಯಾರಿದ್ದರು, ಯಾವ ಕೈಯಲ್ಲಿ ಯಾವ ಉಂಗುರವಿತ್ತು ಎಂಬುದು ಇನ್ನು ತಿಳಿಯುವಂತಿಲ್ಲ. ಹಾಗೆ ಕದಲಿಸಿದವರಲ್ಲಿ ನಾನೂ ಒಬ್ಬ. ನಾನು ಎತ್ತಿಕೊಂಡ ಎಲುಬು ನೃಪತುಂಗನ ಕಾಲದ ಒಬ್ಬ ಯಾತ್ರಿಕನದೋ, ಕ್ರೀಟಿನ ಕಡೆಯಿಂದ ಬಂದ ಒಬ್ಬ ಹೆಂಗಸಿನದೋ? ಅದು ನೀರಿನಂಚಿನಲ್ಲಿ ಯಾರ ಜೊತೆಗೆ ಇತ್ತೆಂಬುದನ್ನು ನಾನು ನೋಡಿಯೂ ಇರಲಿಲ್ಲ. ಹಳೆಯ ಓಲೆಗರಿಯ ಕಟ್ಟಿನಿಂದ ಒಂದು ಗರಿಯನ್ನು ಕಿತ್ತು ಇನ್ನೊಂದು ಕಟ್ಟಿನಲ್ಲಿ ಸಿಕ್ಕಿಸಿಟ್ಟವನನ್ನು ನಾವು ಕಳ್ಳನೆನ್ನುವುದಿಲ್ಲ, ನಿಜ. ಆದರೆ ಆ ಗ್ರಂಥ ಅಲ್ಲಿಗೆ ಕೆಟ್ಟಿತು.

2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ಹುಲ್ಲುಗಾವಲುಗಳ ರಕ್ಷಣೆಗಾಗಿ ಹೊರಟ ಆಜ್ಞೆ ಅದು. ಅಂತಹ ನಡಿಗೆಯನ್ನು ಪ್ರೀತಿಸುವ ತರುಣರಿಗೆ ಅದರಿಂದ ನಿರಾಶೆಯಾಗಿದೆ. ನನಗೂ ಒಂದು ಕಾಲದಲ್ಲಿ ಆಗುತ್ತಿತ್ತು. ಈಗ ವಾಣ್ ಗ್ರಾಮದ ಗುಡಿಯ ಆ ಪೂಜಾರಿ ನೆನಪಾಗುತ್ತಾನೆ. ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ಪೂಜಿಸಬೇಕೆಂದು ನಾನು ಹೇಳಲಾರೆ, ನೋಡದೆ ಇತಿಹಾಸವಿಲ್ಲ. ಆದರೆ ನೋಡುವುದು ಬೇರೆ, ಮುಟ್ಟುವುದು ಬೇರೆ. ಬೆಟ್ಟದ ಮೇಲಿನ ಯಾವುದೇ ಸರೋವರಕ್ಕೆ ಹೋಗುವವರು, ಅಲ್ಲಿ ತಮಗಿಂತ ಮೊದಲು ಬಂದವರು ಇದ್ದಾರೆಂಬುದನ್ನು ಮರೆಯದಿದ್ದರೆ ಸಾಕು. ಅವರ ಹೆಸರುಗಳು ನಮಗೆ ಸಿಕ್ಕಿಲ್ಲ. ಅವರು ಬಿದ್ದ ಜಾಗವನ್ನಾದರೂ ಅವರಿಗೆ ಬಿಟ್ಟುಕೊಡಬಹುದು.