ಮೊಲದ ಕರುಳಿನಲ್ಲಿ ವಾಂತಿಭೇದಿಯ ವಿಷ

ಊರಿಗೆ ವಾಂತಿಭೇದಿ ಬಂದಿತೆಂದರೆ ಮನೆಗೆ ಬೀಗ ಹಾಕಿ ತೋಟಕ್ಕೋ ಹೊಲಕ್ಕೋ ಓಡಿಹೋಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡವರು. ಬೆಳಗ್ಗೆ ನೆಟ್ಟಗಿದ್ದವನು ಸಂಜೆಯೊಳಗೆ ಮೈಯ ನೀರೆಲ್ಲ ಹರಿದು, ಕಣ್ಣು ಗುಳಿಬಿದ್ದು, ಬೆರಳು ಸುಕ್ಕುಗಟ್ಟಿ ಸಾಯಬಹುದಾದ ರೋಗ ಅದು. ಅನ್ನ ನೀರುಗಳ ಮೂಲಕ ಒಳಹೊಗುವ ಈ ರೋಗದ ಕ್ರಿಮಿ ೧೮೮೪ರಲ್ಲಿಯೇ ವಿಜ್ಞಾನಿಗಳ ಕೈಗೆ ಸಿಕ್ಕಿತು. ಆದರೆ ಅದು ಮನುಷ್ಯನನ್ನು ಕೊಲ್ಲುವ ಬಗೆ ಯಾವುದೆಂದು ತಿಳಿಯಲು ಮುಂದೆ ಎಪ್ಪತ್ತೈದು ವರ್ಷ ಬೇಕಾಯಿತು. ಇಷ್ಟು ತಡವಾದುದಕ್ಕೆ, ಪ್ರಯೋಗಕ್ಕೆ ತಕ್ಕ ಪ್ರಾಣಿ ದೊರೆಯದೆ ಹೋದುದೇ ಒಂದು ಮುಖ್ಯ ಕಾರಣ. ಆ ಕಥೆಯನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಜರ್ಮನಿಯ ರಾಬರ್ಟ್ ಕಾಖನು ೧೮೮೩ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದನು. ರೋಗಿಯಲ್ಲಿ ಕಂಡ ಕ್ರಿಮಿಯನ್ನು ಬೇರ್ಪಡಿಸಿ ಬೆಳೆಸಿ, ಆರೋಗ್ಯವಾದ ಪ್ರಾಣಿಗೆ ಕೊಟ್ಟು, ಅದರಲ್ಲಿ ಅದೇ ರೋಗವನ್ನು ಬರಿಸಿ ತೋರಿಸಿದರೆ ಮಾತ್ರ ಪ್ರಮಾಣ ಪೂರ್ಣವಾಯಿತೆಂಬುದು ಅವನ ಹಾದಿ. ಕ್ರಿಮಿಯೇನೋ ಸಿಕ್ಕಿತು. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಸಣ್ಣ ಜೀವಿ. ಊರಿನ ಒಂದು ಕೆರೆಯ ನೀರಿನಲ್ಲಿಯೂ ಅದನ್ನು ಕಂಡನು. ಪ್ರಾಣಿಗಳ ವಿಷಯದಲ್ಲಿ ಮಾತ್ರ ಅವನ ಹಾದಿ ಕಟ್ಟಿತು. ಬರ್ಲಿನಿನಿಂದ ಐವತ್ತು ಇಲಿಗಳನ್ನು ಜೊತೆಯಲ್ಲಿಯೇ ತಂದಿದ್ದನು. ರೋಗಿಗಳ ಮಲವನ್ನು ಆಹಾರದಲ್ಲಿ ಬೆರೆಸಿ ಕೊಟ್ಟರೂ ಅವು ಸುಖವಾಗಿಯೇ ಇದ್ದುವು. ಕೋತಿ, ಬೆಕ್ಕು, ಕೋಳಿ, ಯಾವುದೂ ಒಲಿಯಲಿಲ್ಲ. ಬಂಗಾಳದಲ್ಲಿ ಜನರು ಸಾಯುತ್ತಿದ್ದಾಗಲೂ ಅದೇ ನೀರನ್ನು ಕುಡಿಯುವ ಸಾಕುಪ್ರಾಣಿಗಳಿಗೆ ರೋಗ ತಟ್ಟದಿರುವುದನ್ನು ಕಂಡು, ಇದು ಮನುಷ್ಯನಿಗೇ ಮೀಸಲಾದ ರೋಗವೆಂದು ಕಾಖನು ಹೇಳಬೇಕಾಯಿತು.

ವಿರೋಧಿಗಳಿಗೆ ಇಷ್ಟೇ ಸಾಕಾಗಿತ್ತು. ಮ್ಯೂನಿಕ್ಕಿನ ಪೆಟೆನ್‌ಕೋಫರನು, ಎಪ್ಪತ್ತು ದಾಟಿದ ಮುದುಕ, ೧೮೯೨ರಲ್ಲಿ ಆ ಕ್ರಿಮಿಗಳು ತುಂಬಿದ ದ್ರವವನ್ನು ತಾನೇ ಕುಡಿದನು. ಸ್ವಲ್ಪ ಭೇದಿಯಾಯಿತು, ಬದುಕಿಕೊಂಡನು. ಪ್ರಾಣಿ ಒಪ್ಪದಿದ್ದಲ್ಲಿ ಮನುಷ್ಯನೇ ಪ್ರಾಣಿಯಾಗಿ ನಿಂತನೆನ್ನೋಣ. ಆದರೆ ಒಬ್ಬನು ಬದುಕಿದುದರಿಂದ ಏನು ಸಿದ್ಧವಾಯಿತು?

ಈ ನಡುವೆ ಮಾರ್ಸೇಲ್ಸಿನಲ್ಲಿ ನಿಕಾಟಿ, ರೀಟ್ಷ್ ಎಂಬಿಬ್ಬರು ಜಠರವನ್ನು ತಪ್ಪಿಸಿ ನೇರವಾಗಿ ಕರುಳಿಗೇ ಕ್ರಿಮಿಯನ್ನು ಸೇರಿಸಿ ನೋಡಿದ್ದರು. ಕಾಖನೂ ಗಿನಿಹಂದಿಯ ಜಠರದ ಆಮ್ಲವನ್ನು ಸೋಡದಿಂದ ಅಡಗಿಸಿ, ಅಫೀಮಿನಿಂದ ಕರುಳಿನ ಚಲನೆಯನ್ನು ನಿಲ್ಲಿಸಿ, ಅದಕ್ಕೆ ಕಾಯಿಲೆ ಬರಿಸಿದನು. ದಾರಿ ಸರಿಯಾಗಿಯೇ ಇತ್ತು. ಆದರೆ ಬಹು ಜನ ಹಿಡಿದುದು ಬೇರೆ ದಾರಿ. ಕಾಖನ ಶಿಷ್ಯ ಫೈಫರನು ಕ್ರಿಮಿಯನ್ನು ಗಿನಿಹಂದಿಯ ಹೊಟ್ಟೆಯ ಪೊಳ್ಳಿಗೆ, ಅಂದರೆ ಕರುಳಿನ ಹೊರಗಡೆಗೆ, ಚುಚ್ಚಿದನು. ಪ್ರಾಣಿ ಸತ್ತಿತು, ಸತ್ತ ಕ್ರಿಮಿಗಳನ್ನು ಚುಚ್ಚಿದರೂ ಸತ್ತಿತು. ಆದ್ದರಿಂದ ವಿಷವು ಕ್ರಿಮಿಯ ಒಡಲಿನಲ್ಲಿಯೇ ಇದ್ದು, ಅದು ಸತ್ತು ಒಡೆದಾಗ ಹೊರಬೀಳುವುದೆಂದು ತೀರ್ಮಾನವಾಯಿತು. ಪ್ರಯೋಗದಲ್ಲಿ ದೋಷವಿರಲಿಲ್ಲ, ಗಿನಿಹಂದಿಗೆ ಬಂದ ರೋಗ ಮಾತ್ರ ವಾಂತಿಭೇದಿಯಾಗಿರಲಿಲ್ಲ! ವಾಂತಿಯಿಲ್ಲ, ಭೇದಿಯಿಲ್ಲ, ಬರಿಯ ಸಾವು. ಸಾವೊಂದನ್ನೇ ಹೋಲಿಕೆಯೆಂದು ಹಿಡಿದು ಪಂಡಿತರು ಅರ್ಧ ಶತಮಾನಕ್ಕೂ ಮಿಕ್ಕಿ ತಪ್ಪು ಬಾಗಿಲನ್ನು ತಟ್ಟುತ್ತಿದ್ದರು.

ಸರಿಯಾದ ಬಾಗಿಲನ್ನು ತೆರೆದವರು ಕಲ್ಕತ್ತೆಯ ಶಂಭುನಾಥ ಡೇ. ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ೧೯೧೫ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ರೋಗಶಾಸ್ತ್ರವನ್ನು ಅಭ್ಯಾಸ ಮಾಡಿ, ೧೯೪೯ರಲ್ಲಿ ಹಿಂದಿರುಗಿದ ವೈದ್ಯರು ಇವರು. ರೋಗ ಕಾಣುವುದು ಕರುಳಿನೊಳಗೆ. ಹಾಗಿದ್ದ ಮೇಲೆ ಕರುಳಿನೊಳಗೇ ನೋಡಬೇಡವೆ ಎಂಬುದು ಅವರ ಯೋಚನೆ. ೧೯೫೩ರಲ್ಲಿ ಚಟರ್ಜಿಯವರೊಡನೆ ಸೇರಿ ಅವರು ಮಾಡಿದ ಕೆಲಸಕ್ಕೆ ಬೇಕಾದುದು ಮೊಲ, ದಾರ, ಸಿರಿಂಜು, ಇಷ್ಟೆ. ಮೊಲಕ್ಕೆ ಮತ್ತು ಬರಿಸಿ, ಸಣ್ಣ ಕರುಳಿನ ಕೆಲವು ಅಂಗುಲದ ತುಂಡನ್ನು ಎರಡು ಕಡೆಯೂ ದಾರದಿಂದ ಬಿಗಿದು, ಆ ಚೀಲದೊಳಕ್ಕೆ ಕ್ರಿಮಿಗಳ ದ್ರವವನ್ನು ಸೇರಿಸಿ, ಹೊಟ್ಟೆಯನ್ನು ಹೊಲಿದರು. ಮಾರನೆಯ ದಿನ ತೆರೆದು ನೋಡಿದರೆ ಆ ತುಂಡು ನೀರು ತುಂಬಿ ಊದಿಕೊಂಡಿತ್ತು. ಒಳಗಿದ್ದುದು ರೋಗಿಯ ಮಲದಂತೆಯೇ ಅಕ್ಕಚ್ಚಿನಂಥ ನೀರು. ಕ್ರಿಮಿಯಿಲ್ಲದ ದ್ರವವನ್ನು ಹಾಕಿ ಕಟ್ಟಿದ್ದ ಇನ್ನೊಂದು ತುಂಡು ಬರಿದಾಗಿತ್ತು. ಇಂಥ ಪ್ರಯೋಗವನ್ನು ೧೯೧೫ರಲ್ಲಿಯೇ ಇಬ್ಬರು ಮಾಡಿದ್ದರಾದರೂ ಅದನ್ನು ಯಾರೂ ಲಕ್ಷಿಸಿರಲಿಲ್ಲ. ಮೊಲಗಳ ಸಂಕಟವು ಅಲ್ಪವೆಂದು ನಾನು ಹೇಳುವುದಿಲ್ಲ. ಆದರೆ ಅರ್ಥವಿಲ್ಲದೆ ಸತ್ತ ಗಿನಿಹಂದಿಗಳ ಲೆಕ್ಕವನ್ನೂ ಜೊತೆಗೆ ಇಡಬೇಕು.

೧೯೫೯ರಲ್ಲಿ ಡೇಯವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಕ್ರಿಮಿಗಳನ್ನು ಸೋಸಿ ತೆಗೆದುಹಾಕಿ, ಉಳಿದ ದ್ರವವನ್ನಷ್ಟೇ ಕರುಳಿನ ತುಂಡಿಗೆ ಸೇರಿಸಿದಾಗಲೂ ನೀರು ತುಂಬಿತು. ವಿಷವು ಬದುಕಿರುವ ಕ್ರಿಮಿ ಹೊರಕ್ಕೆ ಸೂಸುವಂಥದು ಎಂಬುದು ಇದರಿಂದ ಸ್ಪಷ್ಟವಾಯಿತು. ಇಂಥದೊಂದು ವಿಷವಿರಬೇಕೆಂದು ೧೮೮೪ರಲ್ಲಿ ಕಾಖನೇ ಊಹಿಸಿದ್ದನು. ಬೊಂಬಾಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ದತ್ತರು ೧೯೫೫ರಲ್ಲಿ ಎಳೆಯ ಮೊಲದ ಮರಿಗಳಲ್ಲಿ ಭೇದಿಯನ್ನೇ ಬರಿಸಿ ತೋರಿಸಿದ್ದರು. ಡೇಯವರ ವಿಧಾನವು ಕಾಲರಾ ಒಂದಕ್ಕೇ ನಿಲ್ಲಲಿಲ್ಲ. ೧೯೫೬ರಲ್ಲಿ ಅವರೇ ಅದರಿಂದ ಭೇದಿಯ ರೋಗಿಗಳಲ್ಲಿ ಸಿಕ್ಕಿದ ಕೋಲಿ ಕ್ರಿಮಿಗಳನ್ನೂ ಪರೀಕ್ಷಿಸಿದರು.

ಈ ವಿಷವು ಕರುಳಿನ ಜೀವಕೋಶಗಳನ್ನು ಕೊಲ್ಲುವುದಿಲ್ಲ. ಉಪ್ಪನ್ನೂ ನೀರನ್ನೂ ಸುರಿಸುವಂತೆ ಮಾಡುತ್ತದೆ, ಅಷ್ಟೆ. ಸಕ್ಕರೆಯೊಡನೆ ಉಪ್ಪನ್ನು ಹೀರುವ ಶಕ್ತಿ ಅವಕ್ಕೆ ಉಳಿದಿರುತ್ತದೆ. ಈ ತಿಳಿವಳಿಕೆ ಡೇ ಒಬ್ಬರದೇ ಅಲ್ಲ, ಅನೇಕರ ದುಡಿಮೆಯದು. ೧೯೭೧ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಾಬಿಸರು ಸಕ್ಕರೆ ಉಪ್ಪುಗಳ ನೀರನ್ನು ಕುಡಿಸಿದಾಗ, ನೂರಕ್ಕೆ ೩೦ರಷ್ಟಿದ್ದ ಸಾವು ೪ಕ್ಕಿಂತ ಕೆಳಗಿಳಿಯಿತು.

ಡೇಯವರು ೧೯೭೩ರಲ್ಲಿ ನಿವೃತ್ತರಾದರು. ೧೯೭೮ರಲ್ಲಿ ನೊಬೆಲ್ ಸಂಸ್ಥೆಯವರು ಸ್ಟಾಕ್‌ಹೋಮಿನ ವಿದ್ವದ್ಗೋಷ್ಠಿಯೊಂದಕ್ಕೆ ಕರೆಯುವವರೆಗೆ ಸ್ವದೇಶದಲ್ಲಿ ಅವರ ಹೆಸರನ್ನು ಬಲ್ಲವರು ವಿರಳ. ೧೯೮೫ರಲ್ಲಿ ತೀರಿಕೊಂಡರು. ೧೯೯೦ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ಕೆಲಸಕ್ಕೆಂದೇ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ನೊಬೆಲ್ ಪಾರಿತೋಷಕಕ್ಕೆ ತಾನು ಡೇಯವರ ಹೆಸರನ್ನು ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದೆನೆಂದು ಅಮೆರಿಕದ ಜೋಶುವಾ ಲೆಡರ್‌ಬರ್ಗನು ಅದರಲ್ಲಿ ಬರೆದನು.