ಕುಳಿಯಿಂದ ಅಡಿಗಲ್ಲಿಗೆ: ಜಪಾನಿನ ಮರದ ಕಟ್ಟಡಗಳಲ್ಲಿ ನೆಟ್ಟ ಕಂಬದ ಇತಿಹಾಸ

ಕುಳಿ ತೋಡಿ ಕಂಬವನ್ನು ಇಳಿಸಿ, ಸುತ್ತ ಮಣ್ಣು ತುಂಬಿ ದಮ್ಮಸು ಮಾಡಿ, ಅದರ ಮೇಲೆ ತೊಲೆ ಹಾಯಿಸಿ ಮಾಡು ಹೊದಿಸುವ ಪದ್ಧತಿಗೆ ಜಪಾನಿ ಭಾಷೆಯಲ್ಲಿ ‘ಹೊತ್ತತೆಬಶಿರ’, ಅಂದರೆ ಅಗೆದು ನಿಲ್ಲಿಸಿದ ಕಂಬ, ಎಂಬ ಹೆಸರಿದೆ. ಇದರ ಅತ್ಯಂತ ಭವ್ಯವಾದ ಪ್ರಾಚೀನ ಸಾಕ್ಷ್ಯ ದೊರೆತದ್ದು ಉತ್ತರ ಜಪಾನಿನ ಆಓಮೊರಿ ಬಳಿಯ ಸನ್ನಾಯ್ ಮರುಯಾಮದಲ್ಲಿ. ಸುಮಾರು 5,900ರಿಂದ 4,200 ವರ್ಷಗಳ ಹಿಂದೆ ಜನವಸತಿಯಿದ್ದ ಈ ನೆಲೆಯಲ್ಲಿ, ಬೇಸ್‌ಬಾಲ್ ಕ್ರೀಡಾಂಗಣಕ್ಕಾಗಿ ಗೊತ್ತುಮಾಡಿದ್ದ ಜಾಗವನ್ನು ಉತ್ಖನನ ಮಾಡಿದಾಗ, 1994ರಲ್ಲಿ ಎರಡು ಸಾಲಿನಲ್ಲಿ ಆರು ಕಂಬಗುಳಿಗಳು ಬೆಳಕಿಗೆ ಬಂದವು. ಒಂದೊಂದು ಕುಳಿಯೂ ಸುಮಾರು 2 ಮೀಟರ್ ಅಗಲ, ಅಷ್ಟೇ ಆಳ. ಒಂದರಿಂದ ಇನ್ನೊಂದಕ್ಕೆ 4.2 ಮೀಟರ್ ಅಂತರ. ಒಳಗೆ ಸುಮಾರು 1 ಮೀಟರ್ ದಪ್ಪದ ಚೆಸ್ಟ್‌ನಟ್ ಮರದ ಬುಡಗಳು. ಬುಡಗಳ ಹೊರಮೈಯನ್ನು ಸುಟ್ಟು ಕರಿಕಾಗಿಸಲಾಗಿತ್ತು; ಅಂತರ್ಜಲದಲ್ಲಿ ಮುಳುಗಿದ್ದುದೂ ಅವು ಉಳಿಯಲು ನೆರವಾಯಿತು. ಮೇಲ್ಕಟ್ಟು ಹೇಗಿತ್ತೆಂಬುದು ಊಹೆಯ ಮಾತು. ಸ್ಥಳದಲ್ಲಿ ಈಗ ಮರುನಿರ್ಮಿಸಿರುವ ಮೂರಂತಸ್ತಿನ, ಮಾಡಿಲ್ಲದ ಅಟ್ಟಣೆಯನ್ನು ವಿದ್ವಾಂಸರ ನಡುವಿನ ರಾಜಿ ಎಂದೇ ನೋಡುವುದು ಲೇಸು.

ನೆಟ್ಟ ಕಂಬಕ್ಕೆ ಕುತ್ತು ಬರುವುದು ಕುಳಿಯ ತಳದಲ್ಲಲ್ಲ, ನೆಲಮಟ್ಟದಲ್ಲಿ. ಮರ ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಇವೆರಡೂ ಕೂಡಿ ಸಿಗುವುದು ಮಣ್ಣಿನ ಬಾಯಿಯಲ್ಲಿ. ಕ್ರಿ.ಶ. 588ರಲ್ಲಿ ಕೊರಿಯಾದ ಬೆಕ್ಜೆ ರಾಜ್ಯದಿಂದ ಬಂದ ಕುಶಲಕರ್ಮಿಗಳು ಅಸುಕಾದೆರ ಬೌದ್ಧ ವಿಹಾರದ ಕೆಲಸಕ್ಕೆ ತೊಡಗಿದಾಗ ಕಂಬ ಮಣ್ಣಿನಿಂದ ಮೇಲೆದ್ದು ಅಡಿಗಲ್ಲನ್ನೇರಿತು. ಹಂಚಿನ ಮಾಡಿನ ಭಾರ ಹೊರುವುದಕ್ಕೂ ಕಲ್ಲೇ ತಕ್ಕುದಾಗಿತ್ತು. ಆದರೆ ಕುಳಿಯೊಳಗಿನ ಕಂಬವನ್ನು ಮಣ್ಣೇ ಬಿಗಿಹಿಡಿದು ಪಕ್ಕಕ್ಕೆ ವಾಲದಂತೆ ತಡೆಯುತ್ತಿತ್ತು. ಕಲ್ಲಿನ ಮೇಲೆ ಬರಿದೆ ಕುಳಿತ ಕಂಬಕ್ಕೆ ಆ ಹಿಡಿತವಿಲ್ಲ. ಕಳೆದುಕೊಂಡ ಬಿಗಿಯನ್ನು ಚೌಕಟ್ಟಿನಲ್ಲೇ ಕಂಡುಕೊಳ್ಳಬೇಕಾಯಿತು. ಮೊದಲು ದಪ್ಪ ಕಂಬಗಳ ಹೊರಮೈಗೆ ಜಡಿದ ‘ನಗೆಶಿ’ ಎಂಬ ಅಡ್ಡಪಟ್ಟಿಗಳು, ಅನಂತರ ಕಂಬವನ್ನೇ ಕೊರೆದು ಆಚೆಗೆ ತೂರಿಸಿ ಬೆಣೆ ಹೊಡೆದ ‘ನುಕಿ’ ಎಂಬ ಅಡ್ಡತೊಲೆಗಳು ಆ ಕೆಲಸವನ್ನು ವಹಿಸಿಕೊಂಡವು. ಭಿಕ್ಷು ಚೋಗೆನ್‌ನ ಮೇಲ್ವಿಚಾರಣೆಯಲ್ಲಿ 1199ರಲ್ಲಿ ಎದ್ದ, ನಾರಾದ ತೋದಾಯ್‌ಜಿಯ ದಕ್ಷಿಣ ಮಹಾದ್ವಾರದಲ್ಲಿ ಈ ನುಕಿಗಳ ಸಾಲುಗಳನ್ನು ಮರೆಯಿಲ್ಲದೆ ಕಾಣಬಹುದು. ಜಪಾನಿ ಬಡಗಿಯ ಹೆಸರಾಂತ ಜೋಡಣೆಯ ಜಾಣ್ಮೆಗೆ ಒಂದು ಮುಖ್ಯ ಕಾರಣ, ಹೀಗೆ ನೋಡಿದರೆ, ಕೈಬಿಟ್ಟ ಕುಳಿ.

ಹಾಗೆಂದು ಕುಳಿ ಒಮ್ಮೆಲೇ ಮಾಯವಾಗಲಿಲ್ಲ. 8ನೆಯ ಶತಮಾನದ ನಾರಾದ ಅರಮನೆಯಲ್ಲಿ ರಾಜಸಭೆಯ ಮಂದಿರ ಕಲ್ಲಿನ ಮೇಲೆ ನಿಂತಿದ್ದರೂ ಚಕ್ರವರ್ತಿಯ ವಾಸದ ಕಟ್ಟಡಗಳು ನೆಟ್ಟ ಕಂಬಗಳವೇ ಆಗಿದ್ದವು. ರೈತರ ಮನೆಗಳಲ್ಲಂತೂ ಈ ರೂಢಿ ಇನ್ನೂ ಹಲವು ಶತಮಾನ ನಡೆಯಿತು. ಇಂದಿನ ಜಪಾನಿಯಲ್ಲಿ ‘ಹೊತ್ತತೆಗೊಯ’ ಎಂದರೆ ಹರಕು ಗುಡಿಸಲು. ಅದೇ ವಿಧಾನದಲ್ಲಿ ಕಟ್ಟುವ ಇಸೆಯ ದೇಗುಲ ಮಾತ್ರ ನಾಡಿನ ಪರಮ ಪವಿತ್ರ ಸ್ಥಾನ. ಅಲ್ಲಿ ಹಿನೋಕಿ ಮರದ ಕಂಬಗಳನ್ನು ಅಡಿಗಲ್ಲಿಲ್ಲದೆ ಮಣ್ಣಿನಲ್ಲೇ ನೆಡಲಾಗುತ್ತದೆ. ಮಾಡಿನ ನೆತ್ತಿತೊಲೆಗೆ ಆಸರೆಯಾಗಿ ಎರಡೂ ತುದಿಗಳಲ್ಲಿ ಗೋಡೆಯಿಂದ ದೂರ, ಒಂಟಿಯಾಗಿ ನಿಲ್ಲುವ ಕಂಬಗಳಿವೆ. ಕ್ರಿ.ಶ. 690ರಲ್ಲಿ ಆರಂಭವಾಗಿ, ಅಂತರ್ಯುದ್ಧಗಳ ಕಾಲದಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ನಿಂತು ಮತ್ತೆ ಮೊದಲಾದ ಪುನರ್ನಿರ್ಮಾಣ ಈಗ 20 ವರ್ಷಕ್ಕೊಮ್ಮೆ ನಡೆಯುತ್ತದೆ; 62ನೆಯದು 2013ರಲ್ಲಿ ಮುಗಿಯಿತು. ಕಳಚಿದ ನೆತ್ತಿಗಂಬಗಳನ್ನು ಕೆತ್ತಿ ಉಜಿ ಸೇತುವೆಯ ಎರಡೂ ತುದಿಗಳ ತೋರಣಗಂಬಗಳಾಗಿ ನಿಲ್ಲಿಸುತ್ತಾರೆ. ಅಲ್ಲಿ ಅವು ಇನ್ನೂ 20 ವರ್ಷ ಮಳೆಬಿಸಿಲಿಗೆ ಮೈಯೊಡ್ಡುತ್ತವೆ.