ಬಯಲು ಯಾರದು, ಹೆಸರು ಯಾರದು?
(ಆಟದ ಮೈದಾನಗಳ ಇತಿಹಾಸದಿಂದ ಒಂದಿಷ್ಟು)

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂಚಿಕೆಯಲ್ಲಿ ಸಾಲ, ವಸೂಲಿ, ಠೇವಣಿಗಳ ಬಗ್ಗೆ ತಿಳಿದವರು ಬರೆದಿದ್ದಾರೆ. ನನ್ನ ಪಾಲಿಗೆ ಬಂದದ್ದು ಆಟದ ಬಯಲಿನ ವಿಷಯ. ಬೆಳ್ಳಿ ಹಬ್ಬದ ನೆನಪಿಗೆ ಊರ ಬಯಲನ್ನು ಕ್ರೀಡಾಂಗಣ ಮಾಡಿ, ಕಮಾನು ಕಟ್ಟಿಸಿ, ಒಂದು ಹೆಸರು ಇಡಬೇಕೆಂಬ ಸೂಚನೆ ಸದಸ್ಯರಿಂದ ಬಂದಿದೆ. ಯಾರ ಹೆಸರು ಎಂಬುದಕ್ಕೆ ಕಟ್ಟೆಯ ಮ್ಯಾಲೆ ಈಗಾಗಲೇ ನಾಕು ಅಭಿಪ್ರಾಯ ಆಗ್ಯಾವ. ಆದರೆ ಹೆಸರಿಗಿಂತ ಮೊದಲು ಕೇಳಬೇಕಾದ ಮಾತು ಎರಡು ಅದಾವ. ಆ ಬಯಲು ಉತಾರದಲ್ಲಿ ಯಾರ ಹೆಸರಿನಲ್ಲಿ ಐತಿ? ಅದನ್ನು ಯಾರು, ಯಾವಾಗ ಬಳಸಬೇಕು? ಇವೆರಡನ್ನು ಗಟ್ಟಿ ಮಾಡಿಕೊಳ್ಳದೆ ಹಾಕಿದ ಕಮಾನು ಬಯಲನ್ನು ಕಾಯುವುದಿಲ್ಲ. ಇದು ನನ್ನ ಮಾತಲ್ಲ, ದೊಡ್ಡ ದೊಡ್ಡ ಸ್ಟೇಡಿಯಮ್ಮುಗಳ ಇತಿಹಾಸವೇ ಹೇಳುವ ಮಾತು.

ಅಗಸಿ ಮುಂದಿನ ಬಯಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಊರುಗಳಲ್ಲಿ 'ಕ್ರೀಡಾಂಗಣ' ಎಂಬ ಶಬ್ದ ಬರುವುದಕ್ಕಿಂತ ಮೊದಲೇ ಆಟ ಇತ್ತು. ಅಗಸಿ ಹೊರಗಿನ ಬಯಲು, ಹನಮಪ್ಪನ ಗುಡಿ ಮುಂದಿನ ಜಾಗ, ಹಳ್ಳದ ದಂಡೆ, ಸುಗ್ಗಿ ಮುಗಿದ ಮೇಲಿನ ಖಾಲಿ ಹೊಲ, ಇವೇ ಮೈದಾನಗಳು. ಗರಡಿಮನಿಯ ಹುಡುಗರು ಸಂಗ್ರಾಣಿ ಕಲ್ಲು ಎತ್ತುತ್ತಿದ್ದರು. ಜಾತ್ರೆ ಬಂತೆಂದರೆ ಕುಸ್ತಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಕುಸ್ತಿ ನೋಡಲು ಹಳ್ಳಿಯ ಜನ ಹೋಗುವುದು ಹಳೆಯ ರೂಢಿ. ಆ ಬಯಲುಗಳಿಗೆ ಫಲಕ ಇರಲಿಲ್ಲ. ಎಲ್ಲರೂ ಬಳಸುತ್ತಿದ್ದರು, ಆದ್ದರಿಂದ ಎಲ್ಲರೂ ಕಾಯುತ್ತಿದ್ದರು.

ಜಾಗದ ಬೆಲೆ ಏರಿದ ಮೇಲೆ ಈ ರೂಢಿ ಸಾಲದಾಯಿತು. ನಮ್ಮ ಜಿಲ್ಲೆ 1956ರ ನವೆಂಬರ 1ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಉತಾರ, ಗಾಯರಾಣ, ಗಾಂವಠಾಣ, ಮೋಜಣಿ, ತಲಾಠಿ ಎಂಬ ಶಬ್ದಗಳು ಆ ಕಾಲದಿಂದಲೇ ನಮ್ಮ ಬಾಯಲ್ಲಿ ಉಳಿದಿವೆ. ಊರ ದನ ಮೇಯಲು ಮತ್ತು ಸಾರ್ವಜನಿಕ ಕೆಲಸಕ್ಕೆ ಜಾಗ ತೆಗೆದಿಡುವ ಅವಕಾಶ 1879ರ ಮುಂಬೈ ಕಂದಾಯ ಕಾಯ್ದೆಯಲ್ಲೇ ಇತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಮೂ ಅದನ್ನೇ ಹೇಳುತ್ತದೆ. ಒಂದು ಕೆಲಸಕ್ಕೆಂದು ತೆಗೆದಿಟ್ಟ ಸರಕಾರಿ ಜಾಗವನ್ನು ಜಿಲ್ಲಾಧಿಕಾರಿಗಳ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ.

ಕಾಯ್ದೆ ಇದೆ. ಆದರೆ ನಮ್ಮ ಕಡೆಯ ಎಷ್ಟೋ ಬಯಲುಗಳು 'ಆಟದ ಮೈದಾನ' ಎಂದು ದಾಖಲೆಯಲ್ಲಿ ಏರಿಯೇ ಇಲ್ಲ. ಗಾಯರಾಣ ಎಂದಿದ್ದರೆ ಇವತ್ತು ನೀರಿನ ಟಾಕಿ, ನಾಳೆ ಅಂಗನವಾಡಿ, ನಾಡಿದ್ದು ಸಮುದಾಯ ಭವನ. ಎಲ್ಲಾ ಬೇಕಾದವೇ, ಒಂದಕ್ಕೂ ಬ್ಯಾಡ ಅನ್ನಾಕ ಬರೂದಿಲ್ಲ. ಹತ್ತು ವರ್ಷದಲ್ಲಿ ನಾಲ್ಕು ಮೂಲೆ ಹೋಗಿ ನಡುವೆ ವಾಲಿಬಾಲ್ ಆಡುವಷ್ಟು ಜಾಗ ಉಳಿದಿರುತ್ತದೆ. ಇನ್ನು ಬಾಯಿಮಾತಿನ ದಾನದ ಜಾಗ. ಅಜ್ಜ ಊರ ಮುಂದೆ ನಿಂತು "ಹುಡುಗರು ಆಡ್ಲಿ ಬಿಡ್ರಿ" ಅಂದಿರುತ್ತಾನೆ. ಬಕ್ಷೀಸಪತ್ರ ಆಗಿರುವುದಿಲ್ಲ. ಮೊಮ್ಮಗನ ಕಾಲಕ್ಕೆ ಪಕ್ಕದಲ್ಲಿ ಡಾಂಬರು ರಸ್ತೆ ಬರುತ್ತದೆ, ಬೆಲೆ ಏರುತ್ತದೆ, ತಂತಿಬೇಲಿ ಬೀಳುತ್ತದೆ. ಕೋರ್ಟಿಗೆ ಹೋದರೆ ಉತಾರ ಅವನ ಕೈಯಲ್ಲಿರುತ್ತದೆ.

ಹಾಗಂತ ಕೈಚೆಲ್ಲಿ ಕೂಡುವ ಕಾರಣವಿಲ್ಲ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಹೋರಾಡಿದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. 2011ರ ಜನವರಿಯಲ್ಲಿ ಪಂಜಾಬದ ಒಂದು ಹಳ್ಳಿಯ ಕೆರೆ ಜಾಗದ ದಾವೆಯಲ್ಲಿ ಅದೇ ಕೋರ್ಟು, ಊರ ಸಾರ್ವಜನಿಕ ಜಾಗದ ಒತ್ತುವರಿ ತೆರವು ಮಾಡಿ ಗ್ರಾಮಸ್ಥರ ಬಳಕೆಗೆ ಮರಳಿಸುವ ಯೋಜನೆ ಮಾಡಿರೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ಆದರೆ ಅಲ್ಲಿಯೂ ಮಾತು ನಡೆದದ್ದು ಕಾಗದದ ಮೇಲೆಯೇ.

ಮುಂಬೈಯ ಎರಡು ಮೈದಾನ

ಒಂದು ಕಾಲಕ್ಕೆ ನಮ್ಮ ಜಿಲ್ಲೆಯ ರಾಜಧಾನಿಯಾಗಿದ್ದ ಮುಂಬೈಯಲ್ಲಿ ಒಡೆತನ ಮತ್ತು ಬಳಕೆಯ ಜಗಳಕ್ಕೆ ಒಳ್ಳೆಯ ಉದಾಹರಣೆ ಇದೆ. ಸಮುದ್ರ ತುಂಬಿಸಿ ಮಾಡಿದ ಜಾಗದಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದವರು ಸ್ಟೇಡಿಯಂ ಕಟ್ಟಿ 1937ರಲ್ಲಿ ತೆರೆದರು. ಆಗಿನ ಗವರ್ನರ್ ಲಾರ್ಡ್ ಬ್ರೇಬೋರ್ನ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಸ್ಟೇಡಿಯಂ ಕ್ಲಬ್ಬಿನದು, ಆದರೆ ಪಂದ್ಯ ನಡೆಸುವವರು ಮುಂಬೈ ಕ್ರಿಕೆಟ್ ಸಂಸ್ಥೆಯವರು. ಪಂದ್ಯ ಬಂದಾಗಲೆಲ್ಲ ಯಾರಿಗೆಷ್ಟು ಟಿಕೀಟು ಎಂಬ ತಕರಾರು. ಎರಡೂ ಕಡೆ ದೊಡ್ಡವರೇ ಇದ್ದರು, ಒಪ್ಪಂದ ಮಾತ್ರ ಕೂಡಿಬರಲಿಲ್ಲ.

ಕಡೆಗೆ ಸಂಸ್ಥೆಯ ಅಧ್ಯಕ್ಷರಾಗಿದ್ದ ಎಸ್.ಕೆ. ವಾಂಖೆಡೆಯವರು ಮುಂದೆ ನಿಂತು ಅಲ್ಲಿಂದ ಒಂದು ಕಿಲೋಮೀಟರಿನ ಒಳಗೇ ಇನ್ನೊಂದು ಸ್ಟೇಡಿಯಂ ಎಬ್ಬಿಸಿದರು. 1975ರ ಜನವರಿಯಲ್ಲಿ ಅಲ್ಲಿ ಮೊದಲ ಟೆಸ್ಟ್ ಆಯಿತು, ಅವರ ಹೆಸರೇ ಅದಕ್ಕೆ ನಿಂತಿತು. ಹಳೆಯ ಬ್ರೇಬೋರ್ನಿಗೆ 1973ರ ನಂತರ ಟೆಸ್ಟ್ ಪಂದ್ಯ ಬಂದದ್ದು 2009ರ ಡಿಸೆಂಬರಿನಲ್ಲಿ, ಸೆಹವಾಗ್ 293 ಹೊಡೆದ ಪಂದ್ಯಕ್ಕೆ. ನಡುವೆ ಮೂವತ್ತಾರು ವರ್ಷ. ಹೆಸರು ಗವರ್ನರದಿತ್ತು, ಕಟ್ಟಡ ಭದ್ರವಿತ್ತು, ಹಂಚಿಕೊಳ್ಳುವ ಕರಾರು ಇರಲಿಲ್ಲ. ಶ್ರೀಮಂತ ಊರು, ಎರಡನೆಯದು ಕಟ್ಟಿದರು. ನಮ್ಮಂಥ ಹಳ್ಳಿಗೆ ಒಂದು ಬಯಲು ಹೋದರೆ ಇನ್ನೊಂದು ಎಲ್ಲಿಂದ ತರಬೇಕು?

ಬೆಂಗಳೂರಿನ ಅನುಭವ

ನಮ್ಮ ರಾಜ್ಯದಲ್ಲೂ ಅಂಥದೇ ಕಥೆ ಇದೆ. ಬೆಂಗಳೂರಿನಲ್ಲಿ ಮೊದಲು ರಣಜಿ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಮೈದಾನ ಕಾಲೇಜಿನದು. ಮುಂದೆ ರಾಜ್ಯ ಕ್ರಿಕೆಟ್ ಸಂಸ್ಥೆಯವರು ಸರಕಾರದಿಂದ ಗುತ್ತಿಗೆಗೆ ಜಾಗ ಪಡೆದು 1969ರಲ್ಲಿ ಅಡಿಗಲ್ಲು ಹಾಕಿದರು. 1974ರ ನವೆಂಬರಿನಲ್ಲಿ ಮೊದಲ ಟೆಸ್ಟ್. ಆಗ ಅದಕ್ಕೆ ಸಂಸ್ಥೆಯ ಹೆಸರೇ ಇತ್ತು. ನಾಲ್ಕು ದಶಕ ಸಂಸ್ಥೆಗೆ ದುಡಿದು, 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದ ವಕೀಲ ಎಂ. ಚಿನ್ನಸ್ವಾಮಿಯವರ ಹೆಸರು ಆಮೇಲೆ ಬಂತು. ಇಲ್ಲಿ ಕ್ರಮ ನೋಡ್ರಿ: ಮೊದಲು ಜಾಗದ ಕಾಗದ, ಆಮೇಲೆ ಕಟ್ಟಡ, ಕಡೆಗೆ ಹೆಸರು.

ಕಂಠೀರವ ಕ್ರೀಡಾಂಗಣದ ಕಥೆ ಬೇರೆ. ಅದು ಸರಕಾರದ್ದು, ಕ್ರೀಡಾ ಇಲಾಖೆಯದು. 1997ರ ರಾಷ್ಟ್ರೀಯ ಕ್ರೀಡಾಕೂಟ ಕಂಡ ಸ್ಥಳ. ಸುತ್ತ ಓಟದ ದಾರಿ, ನಡುವೆ ಹುಲ್ಲಿನ ಅಂಕಣ. 2014ರಿಂದ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬೊಂದು ಅಲ್ಲಿ ಆಡತೊಡಗಿತು. ಸಾವಿರಾರು ಜನ ನೋಡಲು ಬಂದರು, ಅದು ಸಂತೋಷದ ಸಂಗತಿಯೇ. ಆದರೆ ದಿನಾ ಅಭ್ಯಾಸ ಮಾಡುವ ಓಟಗಾರರು, ಭರ್ಚಿ ಎಸೆಯುವವರು ತಮಗೆ ವೇಳೆ ಸಿಗುತ್ತಿಲ್ಲವೆಂದು ಗೋಳಾಡಿದರು. ತರಬೇತುದಾರರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಒಡೆಯ ಸರಕಾರವೇ ಆದರೂ ಬಳಕೆಯ ಜಗಳ ತಪ್ಪಲಿಲ್ಲ.

ಇನ್ನೊಂದು ಸಂಗತಿ ದುಃಖದ್ದು. 2025ರ ಜೂನ್ 4ರಂದು ಗೆಲುವಿನ ಸಂಭ್ರಮಕ್ಕೆ ಬಂದ ಜನರಲ್ಲಿ 11 ಮಂದಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ತೀರಿಕೊಂಡರು. ಜಾಗ ಒಬ್ಬರದು, ನಡೆಸುವವರು ಇನ್ನೊಬ್ಬರು, ಕಾರ್ಯಕ್ರಮ ಮತ್ತೊಬ್ಬರದು, ಬಂದೋಬಸ್ತು ಮಗದೊಬ್ಬರದು. ಹೊಣೆ ಯಾರದೆಂಬ ಪ್ರಶ್ನೆ ಜೀವ ಹೋದ ಮೇಲೆ ಎದ್ದಿತು. ನಮ್ಮ ಬಯಲಿನಲ್ಲೂ ಜಾತ್ರೆ, ನಾಟಕ, ಸಭೆ ಆಗುತ್ತವೆ. ಪೆಂಡಾಲ ಬಿದ್ದರೆ, ಕರೆಂಟು ಹೊಡೆದರೆ ಯಾರು ಹೊಣೆ ಎಂಬುದನ್ನು ಮೊದಲೇ ಬರೆದಿಡುವುದು ಲೇಸು.

ಹೆಸರಿನ ಮಾತು

ಹೆಸರು ಇಡಬಾರದೆಂದು ನಾನು ಹೇಳುತ್ತಿಲ್ಲ. ವಿಜಯಪುರದ ಜಿಲ್ಲಾ ಕ್ರೀಡಾಂಗಣಕ್ಕೆ ಡಾ. ಬಿ.ಆರ್. ಅಂಬೇಡ್ಕರ ಅವರ ಹೆಸರಿದೆ. ಬಾವುಟ ಏರಿಸಲು, ಕವಾಯತಿಗೆ, ಕ್ರೀಡಾಕೂಟಕ್ಕೆ ಎಲ್ಲ ಜಾತಿ-ಮತದ ಮಕ್ಕಳು ಸೇರುವ ಜಾಗಕ್ಕೆ ಸಮಾನತೆ ಹೇಳಿದವರ ಹೆಸರು ಒಪ್ಪುತ್ತದೆ. ಆಲಮಟ್ಟಿಯ ಜಲಾಶಯಕ್ಕೆ 1964ರಲ್ಲಿ ಅಡಿಗಲ್ಲು ಹಾಕಿದ ಲಾಲ್ ಬಹಾದ್ದೂರ ಶಾಸ್ತ್ರಿಯವರ ಹೆಸರಿದೆ. ಆದರೂ ಜನರ ಬಾಯಲ್ಲಿ ಅದು ಆಲಮಟ್ಟಿ ಡ್ಯಾಮೇ. ನಮ್ಮ ಜಿಲ್ಲೆಯೂ 2014ರ ನವೆಂಬರ 1ರಂದು ಬಿಜಾಪುರ ಹೋಗಿ ವಿಜಯಪುರ ಆಯಿತು. ದಿಲ್ಲಿಯ ಫಿರೋಜಶಾ ಕೋಟ್ಲಾ 2019ರಲ್ಲಿ ಅರುಣ ಜೇಟ್ಲಿ ಸ್ಟೇಡಿಯಂ ಆಯಿತು, 2021ರಲ್ಲಿ ಅಹಮದಾಬಾದಿನ ಮೊಟೇರಾಕ್ಕೆ ನರೇಂದ್ರ ಮೋದಿ ಸ್ಟೇಡಿಯಂ ಎಂದು ಹೆಸರಾಯಿತು. ಹೆಸರು ಬದಲಾದರೆ ಯಾರಿಗೂ ನಷ್ಟವಿಲ್ಲ. ಉತಾರದಲ್ಲಿ ಹೆಸರು ಬದಲಾದರೆ ಮಾತ್ರ ಊರಿಗೆ ಊರೇ ಕಳಕೊಳ್ಳುತ್ತದೆ.

ಕಮಾನಿಗೆ ದುಡ್ಡು ಕೊಟ್ಟವರ ಹೆಸರನ್ನೇ ಬಯಲಿಗೆ ಇಡಬೇಕೆಂಬ ಮಾತಿಗೂ ಉತ್ತರ ನಮ್ಮ ಸಂಘದಲ್ಲೇ ಐತಿ. ನಮ್ಮಲ್ಲಿ ಎಷ್ಟು ಶೇರು ಇದ್ದರೂ ಸದಸ್ಯನಿಗೆ ಮತ ಒಂದೇ. ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿಸೋಣ, ಅದು ನಮ್ಮ ಕರ್ತವ್ಯ. ಬಯಲಿಗೆ ಮಾತ್ರ ಇಡೀ ಊರು "ಇದು ನಮ್ಮದು" ಎನ್ನುವಂಥ ಹೆಸರು ಇರಲಿ.

ನಾವು ಮಾಡಬೇಕಾದದ್ದು

ಮೊದಲನೆಯದು ಉತಾರ. ಸಾಲ ತಗೊಂಡ ಪ್ರತಿ ಸದಸ್ಯನಿಗೂ 9ನೇ ಕಾಲಂ, 11ನೇ ಕಾಲಂ ಗೊತ್ತು. 9ರಲ್ಲಿ ಒಡೆಯನ ಹೆಸರು, 11ರಲ್ಲಿ ನಮ್ಮ ಸಂಘದ ಬೋಜಾ. ಹಾಗೆಯೇ ಬಯಲಿನ ಉತಾರವನ್ನೂ ತೆಗೆಸಿ ನೋಡಬೇಕು. ಗಾಂವಠಾಣದ ಒಳಗಿದ್ದರೆ ಪಂಚಾಯತಿಯ ಇ-ಸ್ವತ್ತು ದಾಖಲೆ ನೋಡಬೇಕು. ಮೋಜಣಿ ಮಾಡಿಸಿ, ಚಕ್ಕಬಂದಿ ಗುರುತಿಸಿ, ಕಲ್ಲು ನೆಡಬೇಕು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಸರಕಾರಿ ಜಾಗವಾದರೆ ಆಟಕ್ಕೆಂದು ಕಾಯ್ದಿರಿಸಲು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಬರೆಯಬೇಕು. ದಾನದ ಜಾಗವಾದರೆ ದಾನಿಗಳ ಮನೆಯವರು ಬದುಕಿ ಸಂತೋಷದಿಂದಿರುವಾಗಲೇ ಬಕ್ಷೀಸಪತ್ರ ನೋಂದಣಿ ಆಗಲಿ.

ಎರಡನೆಯದು ಅಳತೆ. 400 ಮೀಟರಿನ ಪೂರ್ಣ ಓಟದ ದಾರಿಗೆ ಹೆಚ್ಚು ಕಡಿಮೆ ನಾಕು ಎಕರೆ ಬೇಕು. ಅಷ್ಟಿಲ್ಲದಿದ್ದರೆ ಚಿಂತಿಲ್ಲ. ಎರಡು ಎಕರೆ ಇದ್ದರೆ 200 ಮೀಟರ್ ಸುತ್ತು ಕೂಡುತ್ತದೆ. ನಡುವೆ 27 ಮೀಟರ್ ಉದ್ದ 16 ಮೀಟರ್ ಅಗಲದ ಖೋಖೋ ಅಂಕಣ, 13ಕ್ಕೆ 10ರ ಕಬಡ್ಡಿ ಅಂಕಣ, 18ಕ್ಕೆ 9ರ ವಾಲಿಬಾಲ್ ಅಂಕಣ ಹಿಡಿಸುತ್ತವೆ. ಸೈನ್ಯ, ಪೋಲಿಸ ಭರ್ತಿಗೆ ತಯಾರಾಗುವ ನಮ್ಮ ಹುಡುಗರು 1600 ಮೀಟರ್ ಓಡಬೇಕು. ಈಗ ಅವರು ನಸುಕಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಮೇಲೆ ಓಡುತ್ತಾರೆ. ಬಯಲಿನಲ್ಲಿ ಎಂಟು ಸುತ್ತು ಹಾಕಿದರೆ ಅಷ್ಟೇ ದೂರ, ಜೀವಕ್ಕೂ ಭಯವಿಲ್ಲ.

ಮೂರನೆಯದು ವೇಳೆ. ನಸುಕಿನಲ್ಲಿ ಭರ್ತಿಯ ಹುಡುಗರು, ಹಗಲು ಶಾಲೆಯ ಮಕ್ಕಳು, ಸಂಜೆ ಆಟದ ತಂಡಗಳು. ಇದರಲ್ಲಿ ಹೆಣ್ಣುಮಕ್ಕಳಿಗೆ ದಿನಾಲೂ ಒಂದು ಗಂಟೆ ಬೇರೆಯಾಗಿ, ಬರವಣಿಗೆಯಲ್ಲಿ ಇರಲೇಬೇಕು. ಬಾಯಿಮಾತಿನಲ್ಲಿ ಬಿಟ್ಟರೆ ಗಂಡುಹುಡುಗರ ಕ್ರಿಕೆಟ್ಟೇ ಇಡೀ ಬಯಲು ತುಂಬುತ್ತದೆ. ನಮ್ಮ ವಿಜಯಪುರದ ಮಗಳು ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ ಕೊಟ್ಟು 5 ವಿಕೆಟ್ ಕಿತ್ತಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿ ಹೆಮ್ಮೆಪಟ್ಟೆವು. ಅಂಥ ಹುಡುಗಿ ನಮ್ಮೂರಲ್ಲೂ ಇರಬಹುದು. ಆಕೆಗೆ ಚೆಂಡು ಹಾಕಲು ಜಾಗ ಮತ್ತು ವೇಳೆ ಎರಡೂ ಬೇಕು. ಮದುವೆ, ಸಭೆಗಳಿಗೆ ವರ್ಷದಲ್ಲಿ ಇಂತಿಷ್ಟೇ ದಿನ, ಇಷ್ಟು ಬಾಡಿಗೆ, ಇಷ್ಟು ಠೇವಣಿ, ಮರುದಿನ ಕಸ ತೆಗೆಯುವ ಹೊಣೆ ಅವರದೇ ಎಂದು ಪೋಟನಿಯಮದ ಹಾಗೆ ಬರೆದಿಡೋಣ. ಬಂದ ಹಣಕ್ಕೆ ಪಾವತಿ, ಕಿರ್ದಿ ಇರಲಿ. ಲೆಕ್ಕವನ್ನು ವರ್ಷಕ್ಕೊಮ್ಮೆ ಊರ ಮುಂದೆ ಓದಲಿ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಹಳ್ಳಿಯ ಜನ ಕಲಿತದ್ದು ಇದನ್ನೇ: ನಂಬಿಕೆ ಬೇಕು, ನಂಬಿಕೆ ಉಳಿಯಬೇಕಾದರೆ ಬರವಣಿಗೆಯೂ ಬೇಕು. ಸಂಘದ ತಿಜೋರಿಗೆ ಕಲಿತ ಈ ಪಾಠವನ್ನು ಊರ ಬಯಲಿಗೂ ಹಚ್ಚಿದರೆ, ನಮ್ಮ ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ಇಂದಿನ ಮಕ್ಕಳ ಮಕ್ಕಳು ಅಲ್ಲಿ ಆಡುತ್ತಿರುತ್ತಾರೆ. ಕಮಾನಿನ ಮೇಲಿನ ಹೆಸರನ್ನು ಬೇಕಾದರೆ ಅವರೇ ಆರಿಸಲಿ.